ಬಂಡೆ ಹತ್ತುವ ಜಿಪ್ಸಿ: ಗೇರು, ಲಾಕರ್, ಆಕ್ಸಲ್ ಕೆಲಸದ ಸಮಗ್ರ ಮಾರ್ಗದರ್ಶಿ

ಜಿಪ್ಸಿ ಕೊಂಡವರು ಮೊದಲು ಮಾಡಿಸುವುದು ದೊಡ್ಡ ಟಯರು. ಆಮೇಲೆ ಕಮಾನು ಪಟ್ಟಿ ಎತ್ತರಿಸುತ್ತಾರೆ. ಆಮೇಲೆ ಕಲ್ಲು ತುಂಬಿದ ಹಳ್ಳಕ್ಕೆ ಇಳಿಸುತ್ತಾರೆ, ಗಾಡಿ ಹತ್ತುವುದಿಲ್ಲ. ಎಂಜಿನ್ ಆಫ್ ಆಗುತ್ತದೆ, ಇಲ್ಲವೇ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎಂಜಿನ್‌ಗೆ ದಮ್ ಸಾಲದು.’

ನಾನೂ ಹಾಗೆಯೇ ಅಂದುಕೊಂಡಿದ್ದೆ. ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಏರಿನಲ್ಲಿ ಮೂರು ಸಲ ಕ್ಲಚ್ ಕಾಯಿಸಿ ನಿಂತಾಗ, ಜೊತೆಗಿದ್ದ ಹಳೇ ಮೆಕ್ಯಾನಿಕ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ದಮ್ ಇದೆ ಕಣಣ್ಣ. ಗಾಡಿ ಜಾಸ್ತಿ ಓಡ್ತಿದೆ, ಅದೇ ತೊಂದ್ರೆ.’ ಬಂಡೆ ಹತ್ತುವಾಗ ನಮಗೆ ಬೇಕಾದದ್ದು ಹೆಚ್ಚು ಕುದುರೆಶಕ್ತಿಯಲ್ಲ. ಎಂಜಿನ್ ತನ್ನ ಪಾಡಿಗೆ ಐಡಲ್‌ನಲ್ಲಿ, ಅಂದರೆ ಎಕ್ಸಿಲರೇಟರ್ ಒತ್ತದೆ, ತಿರುಗುತ್ತಿರುವಾಗ ಚಕ್ರ ಆಮೆಯ ಹಾಗೆ ಉರುಳಬೇಕು, ಕ್ಲಚ್ ಮೇಲೆ ಕಾಲಿಡುವ ಪ್ರಸಂಗವೇ ಬರಬಾರದು. ಇದು ಪೂರ್ತಿ ಗೇರು ಹಲ್ಲುಗಳ ಲೆಕ್ಕ. ಆ ಲೆಕ್ಕದಿಂದ ಹಿಡಿದು ಬೋಲ್ಟು ಬಿಗಿಯುವವರೆಗೆ, ಯಾವ ಕೆಲಸ ಯಾವ ಕ್ರಮದಲ್ಲಿ ಆಗಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಮಾರುತಿ ಜಿಪ್ಸಿ ಕಿಂಗ್, ಅಂದರೆ ಎಂಜಿ 413 ಡಬ್ಲ್ಯು ಮಾದರಿಯನ್ನು ಇಟ್ಟುಕೊಂಡಿದ್ದೇನೆ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಎಂಜಿ 410ರ ತಮ್ಮ ಇದು. 1300 ಸಿಸಿ ಎಂಜಿನ್ 1996ರಲ್ಲಿ ಬಂತು, 2000ದಿಂದ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಆಯಿತು. ಹೊರದೇಶಗಳಲ್ಲಿ ಸುಜುಕಿ ಸಮುರಾಯ್ ಎಂದು ಹೆಸರಾದ ಗಾಡಿಯ ರಕ್ತವೇ ಇದರದ್ದೂ. ಹಾಗಾಗಿ ಸಮುರಾಯ್‌ಗೆಂದು ತಯಾರಾದ ಬಹಳಷ್ಟು ಸಾಮಾನು ನಮಗೂ ಒದಗುತ್ತದೆ. ನಿಮ್ಮದು ಬೇರೆ ಜೀಪಾದರೆ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಮೊದಲು ಲೆಕ್ಕ, ಆಮೇಲೆ ಪಾನಾ

ಎಂಜಿನ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ? ಈ ಸಂಖ್ಯೆಗೆ ಕ್ರಾಲ್ ರೇಶಿಯೋ ಎನ್ನುತ್ತಾರೆ. ಮೂರು ಕಡೆಯ ಇಳಿತವನ್ನು, ಅಂದರೆ ಸುತ್ತು ಎಷ್ಟು ಪಟ್ಟು ಕಡಿಮೆಯಾಗುತ್ತದೆ ಎಂಬುದನ್ನು, ಗುಣಿಸಿದರೆ ಸಿಗುತ್ತದೆ: ಗೇರ್ ಬಾಕ್ಸಿನ ಫಸ್ಟ್ ಗೇರು; ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ (ರಸ್ತೆಗೆ ಹೈ, ನಿಧಾನದ ಏರಿಗೆ ಲೋ); ಹೌಸಿಂಗ್‌ನಲ್ಲಿರುವ, ಅಂದರೆ ಎಡಬಲ ಚಕ್ರಗಳ ನಡುವಿನ ಆಕ್ಸಲ್ ಕವಚದಲ್ಲಿರುವ, ಕ್ರೌನ್-ಪಿನಿಯನ್ ಎಂಬ ಕೊನೆಯ ಗೇರು ಜೋಡಿ. ಜಿಪ್ಸಿ ಕಿಂಗ್‌ನಲ್ಲಿ ಅವು ಕ್ರಮವಾಗಿ 3.652, 2.268 ಮತ್ತು 3.909. ಗುಣಿಸಿದರೆ ಸುಮಾರು 32.4.

ಈಗ ಐಡಲ್ ನಿಮಿಷಕ್ಕೆ 800 ಸುತ್ತು ಎಂದು ಹಿಡಿಯೋಣ. ಚಕ್ರ ನಿಮಿಷಕ್ಕೆ 25 ಸುತ್ತಿಗಿಂತ ತುಸು ಕಡಿಮೆ ತಿರುಗುತ್ತದೆ. ಕಂಪನಿ ಕೊಟ್ಟ 205/70 ಆರ್15 ಟಯರಿನ ಸುತ್ತಳತೆ ಸುಮಾರು 2.1 ಮೀಟರ್. ಹಾಗಾದರೆ ವೇಗ ಗಂಟೆಗೆ 3.1 ಕಿ.ಮೀ., ಅಂದರೆ ಸೆಕೆಂಡಿಗೆ 86 ಸೆಂಟಿಮೀಟರ್. ಮಣ್ಣಿನ ಏರಿಗೆ ಇದು ಬೇಕಾದಷ್ಟಾಯಿತು. ಮೊಣಕಾಲೆತ್ತರದ ಕಲ್ಲಿಗೆ ಮಾತ್ರ ಇದು ಓಟ: ಟಯರು ಕಲ್ಲಿಗೆ ಮುಟ್ಟಿ, ಹಿಡಿದು, ಹತ್ತುವಷ್ಟು ಪುರುಸೊತ್ತೇ ಸಿಗುವುದಿಲ್ಲ. ಡಿಕ್ಕಿ ಹೊಡೆದು ಪುಟಿಯುತ್ತದೆ.

ಇನ್ನು 235/75 ಆರ್15 ಟಯರು ಹಾಕಿ. ವ್ಯಾಸ 668 ಮಿ.ಮೀ. ಇದ್ದದ್ದು 733 ದಾಟುತ್ತದೆ, ಹತ್ತಿರ ಹತ್ತಿರ ಶೇ. 10 ಹೆಚ್ಚಳ. ಅದೇ ಐಡಲ್‌ನಲ್ಲಿ ಗಾಡಿ ಈಗ 3.4 ಕಿ.ಮೀ. ವೇಗದಲ್ಲಿ ಹೋಗುತ್ತದೆ, ಎಂಜಿನ್ನಿಗೆ ಭಾರವೂ ಅಷ್ಟೇ ಜಾಸ್ತಿ. ದುಡ್ಡು ಕೊಟ್ಟು ಗಾಡಿಯನ್ನು ಬಂಡೆಗೆ ಒಗ್ಗದಂತೆ ಮಾಡಿಕೊಂಡ ಹಾಗಾಯಿತು. ಹೌಸಿಂಗ್ ನೆಲದಿಂದ ಎತ್ತರವಾಗಲು ಟಯರೇ ದಾರಿ, ಅದನ್ನು ಬೇಡ ಎನ್ನುವುದಿಲ್ಲ. ಟಯರು ತಿಂದದ್ದನ್ನು ಗೇರಿನಲ್ಲಿ ವಾಪಸ್ ಕೊಡಬೇಕು ಅಷ್ಟೆ.

ಲೆಕ್ಕಕ್ಕೆ ಮುಂಚೆ ನಿಮ್ಮ ಗಾಡಿಯಲ್ಲಿ ನಿಜವಾಗಿ ಯಾವ ಕ್ರೌನ್-ಪಿನಿಯನ್ ಇದೆ ನೋಡಿಕೊಳ್ಳಿ. ಮೂರನೆಯ ಕೈ, ನಾಲ್ಕನೆಯ ಕೈ ದಾಟಿ ಬಂದ ಜಿಪ್ಸಿಯಲ್ಲಿ ಯಾವ ಕಾಲದಲ್ಲಿ ಯಾರು ಏನು ಹಾಕಿದ್ದಾರೋ ಹೇಳಲಾಗದು. ಬಿಚ್ಚುವ ಅಗತ್ಯವಿಲ್ಲ. ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿಯಾಗಿ ಕಲ್ಲು ಕೊಟ್ಟು, ಟೂ ವೀಲ್‌ನಲ್ಲಿ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದೇ ಒಂದು ಚಕ್ರ ಜಾಕಿನಲ್ಲಿ ಎತ್ತಿ ಸ್ಟ್ಯಾಂಡ್ ಕೊಡಿ. ಟಯರಿಗೂ ಪ್ರೊಪೆಲರ್ ಶಾಫ್ಟಿಗೂ (ಟ್ರಾನ್ಸ್‌ಫರ್ ಕೇಸಿನಿಂದ ಹೌಸಿಂಗ್‌ಗೆ ಬರುವ ಉದ್ದ ದಂಡ) ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತಿತು ಎಂದು ಗೆಳೆಯನೊಬ್ಬ ಎಣಿಸಲಿ. ನಾಲ್ಕು ಸುತ್ತಿಗೆ ಚೂರು ಕಡಿಮೆ ಬಂದರೆ 3.909, ನಾಲ್ಕು ದಾಟಿ ಚೂರು ಮುಂದೆ ಹೋದರೆ ಎಂಜಿ 410ರ 4.111. ಒಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಇನ್ನೊಂದು ಎರಡು ಸುತ್ತಿದರೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ, ಅದಕ್ಕೇ ಎರಡು ಸುತ್ತು. ಮುಂದಿನ ಹೌಸಿಂಗ್‌ಗೂ ಹಬ್ ಲಾಕ್ ಮಾಡಿ, ಅಂದರೆ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸಿ, ಇದನ್ನೇ ಮಾಡಿ. ಆಗ ಕಲ್ಲು ಹಿಂದಿನ ಚಕ್ರಗಳಿಗೆ. ಎರಡರ ಎಣಿಕೆ ಒಂದೇ ಬರಬೇಕು. ಬೇರೆ ಬಂದರೆ ಅಲ್ಲೇ ನಿಲ್ಲಿಸಿ, ಅದನ್ನು ಸರಿಮಾಡುವವರೆಗೆ ಫೋರ್ ವೀಲ್ ಹಾಕಲೇಬೇಡಿ.

ಇಳಿತ ಎಲ್ಲಿ ಕೊಡಬೇಕು

ಮೂರು ಜಾಗಗಳಲ್ಲಿ ಯಾವುದನ್ನು ಇಳಿಸಿದರೂ ಕ್ರಾಲ್ ರೇಶಿಯೋ ಏರುತ್ತದೆ. ಪರಿಣಾಮ ಮಾತ್ರ ಒಂದೇ ಅಲ್ಲ.

ಗೇರ್ ಬಾಕ್ಸಿನ ಫಸ್ಟ್ ಮುಟ್ಟುವುದು ದಂಡ. ಕ್ರೌನ್-ಪಿನಿಯನ್ ಬದಲಿಸಿದರೆ ಲೋ, ಹೈ ಎರಡರಲ್ಲೂ ಎಲ್ಲ ಗೇರುಗಳೂ ಇಳಿಯುತ್ತವೆ. ದೊಡ್ಡ ಟಯರಿನಿಂದ ಹೆದ್ದಾರಿಯಲ್ಲಿ ಐದನೇ ಗೇರು ಎಳೆಯುತ್ತಿಲ್ಲ ಎಂಬವರಿಗೆ ಇದು ಸರಿಯಾದ ಮದ್ದು. ಆದರೆ ಎರಡು ಹೌಸಿಂಗ್ ಬಿಚ್ಚಬೇಕು, ಖರ್ಚು ಎರಡರಷ್ಟು, ಸಿಗುವ ಇಳಿತ ಕಡಿಮೆ. ಅನುಪಾತದ ಸಂಖ್ಯೆ ಹೆಚ್ಚಿದಷ್ಟೂ ಪಿನಿಯನ್ ಸಣ್ಣದಾಗುತ್ತದೆ, ಹಲ್ಲಿನ ಬಲವೂ ತಗ್ಗುತ್ತದೆ.

ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಮಾತ್ರ ಆಳಕ್ಕೆ ಇಳಿಸಬಹುದು. ಬಂಡೆಗೆ ಬೇಕಾದದ್ದು ಇದೇ. ಜಿಪ್ಸಿಯಲ್ಲಿ ಇನ್ನೊಂದು ಅನುಕೂಲ: ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟು ಇದೆ. ಹಾಗಾಗಿ ಗೇರ್ ಬಾಕ್ಸ್ ಅಲುಗಾಡಿಸದೆ ಟ್ರಾನ್ಸ್‌ಫರ್ ಒಂದನ್ನೇ ಇಳಿಸಿ ಬೆಂಚಿನ ಮೇಲಿಟ್ಟು ಕೆಲಸ ಮಾಡಬಹುದು.

ನಮ್ಮಲ್ಲಿ ಬಹಳ ಹಿಂದಿನಿಂದ ನಡೆದು ಬಂದ ಅಗ್ಗದ ಉಪಾಯ, ಎಂಜಿ 410ರ ಟ್ರಾನ್ಸ್‌ಫರ್ ಗೇರು ಹಾಕುವುದು. ಅದರ ಹೈ 1.580, ಲೋ 2.511; ಕಿಂಗ್‌ನದ್ದು 1.409 ಮತ್ತು 2.268. ಲೋನಲ್ಲಿ ಶೇ. 11ರಷ್ಟು ಇಳಿತ, ಹೈನಲ್ಲಿ ಶೇ. 12. ಇದನ್ನು ‘ಕ್ರಾಲರ್ ಗೇರ್’ ಎಂದು ಮಾರುವವರಿದ್ದಾರೆ. ದಯವಿಟ್ಟು ಆ ಆಸೆಯಿಂದ ಕೊಳ್ಳಬೇಡಿ. 235 ಟಯರಿನ ಜೊತೆ ಲೆಕ್ಕ ಹಾಕಿ ನೋಡಿ: ಕ್ರಾಲ್ ರೇಶಿಯೋ 35.8, ಐಡಲ್ ವೇಗ 3.1 ಕಿ.ಮೀ. ಹಳೇ ಟಯರು, ಹಳೇ ಗೇರಿನಲ್ಲಿ ಎಲ್ಲಿದ್ದಿರೋ ಅಲ್ಲಿಗೇ ವಾಪಸ್ ಬಂದಿರಿ. ದೊಡ್ಡ ಟಯರು ಕಸಿದದ್ದನ್ನು ತುಂಬಿಕೊಡಲು ಇದು ತುಂಬ ಒಳ್ಳೆಯದು, ಬಂಡೆಗೆ ಸಾಲದು.

ನಿಜವಾದ ಬದಲಾವಣೆ ಸಮುರಾಯ್‌ಗೆಂದು ಹೊರಗೆ ತಯಾರಾಗುವ ಗೇರ್ ಸೆಟ್‌ಗಳಿಂದ ಬರುತ್ತದೆ. ಹೆಚ್ಚಾಗಿ ಕಾಣುವುದು 4.16, 4.9 ಮತ್ತು 6.5ರ ಸೆಟ್‌ಗಳು. 235 ಟಯರಿಟ್ಟುಕೊಂಡು ನೋಡಿದರೆ: 4.16ಕ್ಕೆ ಕ್ರಾಲ್ ರೇಶಿಯೋ 59.4, ಐಡಲ್ ವೇಗ 1.9 ಕಿ.ಮೀ., ಸೆಕೆಂಡಿಗೆ ಸುಮಾರು 52 ಸೆಂಟಿಮೀಟರ್. 4.9ಕ್ಕೆ ಹತ್ತಿರ ಹತ್ತಿರ 70, ಸೆಕೆಂಡಿಗೆ 44 ಸೆಂ.ಮೀ. 6.5ಕ್ಕೆ 92.8, ಸೆಕೆಂಡಿಗೆ 33 ಸೆಂ.ಮೀ. ಅಮೆರಿಕದ ಜೀಪ್ ಕಂಪನಿ 2003ರಲ್ಲಿ ರ‍್ಯಾಂಗ್ಲರ್ ರುಬಿಕಾನ್ ಮಾದರಿ ತಂದಾಗ ಟ್ರಾನ್ಸ್‌ಫರ್ ಲೋವನ್ನು ಕಾರ್ಖಾನೆಯಿಂದಲೇ 4ಕ್ಕೆ ಇಳಿಸಿ ಕೊಟ್ಟಿತ್ತು. ಕ್ಯಾಲಿಫೋರ್ನಿಯಾದ ಕಲ್ಲುದಾರಿಯ ಹೆಸರಿಟ್ಟ ಗಾಡಿಗೆ ಅವರೂ ಮುಟ್ಟಿದ್ದು ಇದೇ ಜಾಗವನ್ನು.

ನನ್ನ ಅಭಿಪ್ರಾಯ ಕೇಳಿದರೆ, ತೋಟದ ಕೆಲಸಕ್ಕೂ ಊರ ದಾರಿಗೂ ಅದೇ ಗಾಡಿ ಬಳಸುವವರಿಗೆ 4.16 ಸಾಕು. ನಮ್ಮ ಮಲೆನಾಡಿನಲ್ಲಿ ಒಂದೇ ಏರಿನಲ್ಲಿ ಕಲ್ಲೂ ಇರುತ್ತದೆ, ಮಾರುದೂರದಲ್ಲಿ ಕೆಸರೂ ಇರುತ್ತದೆ. ಕೆಸರಿಗೆ ಚಕ್ರದ ವೇಗ ಬೇಕು. 6.5 ಹಾಕಿಕೊಂಡು ಕೆಸರಿಗೆ ಇಳಿದರೆ ಲೋನಲ್ಲಿ ಮೂರನೇ ಗೇರು ಹಾಕಿದರೂ ಟಯರು ಮಣ್ಣು ಕೊಡವಿಕೊಳ್ಳುವಷ್ಟು ತಿರುಗದು. ರಾಮನಗರದ ಕಡೆಯ ಒಣ ಕಗ್ಗಲ್ಲಿನ ಮೇಲಷ್ಟೇ ಆಡುವವರ ಮಾತು ಬೇರೆ.

ಕೊಳ್ಳುವ ಮುಂಚೆ ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಹೈ ಅನುಪಾತ ಎಷ್ಟಾಗುತ್ತದೆ? ಕೇಸಿನ ಒಳಗೋಡೆ ಉಜ್ಜಬೇಕೇ? ಬೇರಿಂಗ್, ಸೀಲ್, ಗ್ಯಾಸ್ಕೆಟ್ ಜೊತೆಗೆ ಬರುತ್ತವೆಯೇ? ಇಲ್ಲೇ ಲೇತಿನಲ್ಲಿ ಗೇರು ಕಡೆಸಿಕೊಡುತ್ತೇವೆ ಎನ್ನುವವರಿದ್ದರೆ ಉಕ್ಕು ಯಾವುದು, ಕೇಸ್ ಹಾರ್ಡನಿಂಗ್ ಎಲ್ಲಿ ಮಾಡಿಸುತ್ತಾರೆ ಎಂದು ಕೇಳಿ. ಹಲ್ಲಿನ ಆಕಾರ ಕಡೆಯುವುದು ಸುಲಭ. ಮೈ ಗಟ್ಟಿಯಾಗಿ ಒಳಗೆ ಜಿಗುಟು ಉಳಿಯುವಂತೆ ಬಿಸಿ ಮಾಡಿ ತಣಿಸುವುದರಲ್ಲೇ ಗೇರಿನ ಆಯಸ್ಸು ಇರುವುದು.

ಟ್ರಾನ್ಸ್‌ಫರ್ ಕೇಸ್ ಇಳಿಸಿ ಗೇರು ಬದಲಿಸುವುದು

ಎರಡು ದಿನ ಇಟ್ಟುಕೊಳ್ಳಿ. ಒಂದು ದಿನದಲ್ಲಿ ಮುಗಿಸುತ್ತೇನೆ ಎಂದು ಹೊರಟವರು ಸಂಜೆ ಏಳಕ್ಕೆ ಟಾರ್ಚ್ ಬೆಳಕಿನಲ್ಲಿ ಸಣ್ಣ ಸಾಮಾನು ಹುಡುಕುತ್ತಿರುತ್ತಾರೆ.

ಗಾಡಿ ಸಮನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಪ್ರೊಪೆಲರ್ ಶಾಫ್ಟು ಬಿಚ್ಚಿದ ಮೇಲೆ ಗೇರಿನಲ್ಲಿ ನಿಲ್ಲಿಸಿದರೂ ಗಾಡಿ ಉರುಳುತ್ತದೆ ಎಂಬುದು ನೆನಪಿರಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಟ್ರಾನ್ಸ್‌ಫರ್ ಕೇಸಿನ ಅಡಿ ತಿರುಪು ಬಿಚ್ಚಿ ಆಯಿಲ್ ಒಂದು ಬಿಳಿ ಡಬ್ಬಿಗೆ ಇಳಿಸಿ. ಬಿಳಿ ಡಬ್ಬಿ ಯಾಕೆಂದರೆ ಆಯಿಲ್ ಕಥೆ ಹೇಳುತ್ತದೆ: ಹಾಲಿನ ಬಣ್ಣವಿದ್ದರೆ ನೀರು ಹೊಕ್ಕಿದೆ, ಬೆರಳಿಗೆ ಉಕ್ಕಿನ ಚೂರು ಸಿಕ್ಕರೆ ಬೇರಿಂಗೋ ಹಲ್ಲೋ ಹೋಗಿದೆ.

ಮುಂದಿನ, ಹಿಂದಿನ ಪ್ರೊಪೆಲರ್ ಶಾಫ್ಟು ಮತ್ತು ನಡುವಿನ ಗಿಡ್ಡ ಶಾಫ್ಟು, ಮೂರನ್ನೂ ಬಿಚ್ಚಬೇಕು. ಬಿಚ್ಚುವ ಮುಂಚೆ ಪ್ರತಿ ಫ್ಲ್ಯಾಂಜಿನ (ಬೋಲ್ಟು ಹಾಕಿ ಕೂಡಿಸುವ ಚಪ್ಪಟೆ ಮುಖ) ಜೋಡಿಗೂ ಪೇಂಟಿನಲ್ಲಿ ಗೆರೆ ಎಳೆಯಿರಿ, ಜಾರುವ ಸ್ಪ್ಲೈನ್ (ಒಂದರೊಳಗೊಂದು ಕೂರುವ ಉದ್ದ ಹಲ್ಲು) ಇರುವ ಕಡೆ ಎರಡೂ ತುಂಡಿಗೆ ಸೇರಿಸಿ ಗೆರೆ ಹಾಕಿ. ಇದನ್ನು ಬಿಟ್ಟರೆ ಕೂಡಿಸುವಾಗ ಕ್ರಾಸುಗಳ (ಶಾಫ್ಟಿನ ತುದಿಯ ಬಾಗುವ ಕೀಲುಗಳ) ಕೋನ ತಪ್ಪಿ ಗಾಡಿ ನಡುಗುತ್ತದೆ, ಆಮೇಲೆ ಆ ನಡುಕದ ಮೂಲ ಹುಡುಕುತ್ತ ತಿಂಗಳು ಕಳೆಯುತ್ತದೆ. ಸ್ಪೀಡೋಮೀಟರ್ ಕೇಬಲ್, ಫೋರ್ ವೀಲ್ ದೀಪದ ವೈರು, ಕ್ಯಾಬಿನ್ ಒಳಗಿಂದ ಲಿವರ್ ತೆಗೆಯಿರಿ. ಕೇಸಿನ ಅಡಿಗೆ ಹಲಗೆ ಇಟ್ಟು ಜಾಕು ಕೊಟ್ಟ ಮೇಲೆಯೇ ಮೌಂಟಿನ ನಟ್ಟುಗಳಿಗೆ ಕೈಹಾಕಿ. ಒಬ್ಬರು ಜಾಕು ಇಳಿಸಬೇಕು, ಇನ್ನೊಬ್ಬರು ಕೇಸು ಹಿಡಿದಿರಬೇಕು.

ಬೆಂಚಿನ ಮೇಲಿಡುವ ಮುಂಚೆ ಡೀಸೆಲ್ ಹಾಕಿ ಹೊರಮೈ ತೊಳೆಯಿರಿ. ಒಂದು ಕಾಳು ಮರಳು ಒಳಗೆ ಬಿದ್ದರೆ ಹೊಸ ಬೇರಿಂಗ್ ದಂಡವಾಗುತ್ತದೆ.

ಈಗ ಬಹಳ ಜನ ಎಡವುವ ಜಾಗ. ಶಿಫ್ಟ್ ರಾಡುಗಳನ್ನು ಅದರದರ ಜಾಗದಲ್ಲಿ ಹಿಡಿದಿಡಲು ಕೇಸಿನಲ್ಲಿ ಸಣ್ಣ ಉಕ್ಕಿನ ಗುಂಡುಗಳೂ ಸ್ಪ್ರಿಂಗುಗಳೂ ಇವೆ. ಗುಂಡು ಜೋಳದ ಕಾಳಿಗಿಂತ ತುಸು ದಪ್ಪ. ತಿರುಪು ತೆಗೆದ ಕೂಡಲೇ ಸ್ಪ್ರಿಂಗ್ ನೂಕುತ್ತದೆ, ಗುಂಡು ಪುಟಿದು ಯಾವುದೋ ಮೂಲೆ ಸೇರುತ್ತದೆ. ಕೇಸನ್ನು ಅಗಲವಾದ ತಟ್ಟೆಯಲ್ಲಿಟ್ಟು, ಕೆಳಗೆ ಹಳೇ ಬಿಳಿ ಪಂಚೆ ಹಾಸಿಕೊಳ್ಳಿ. ಎಷ್ಟು ಗುಂಡು, ಎಷ್ಟು ಸ್ಪ್ರಿಂಗ್ ಬಂತು ಎಂದು ಎಣಿಸಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ. ಒಂದು ಗುಂಡು ಬಿಟ್ಟು ಕೂಡಿಸಿದರೆ, ಇಳಿಜಾರಿನ ನಡುವೆ ಲೋ ತಾನಾಗಿಯೇ ನ್ಯೂಟ್ರಲ್‌ಗೆ ಬೀಳುತ್ತದೆ. ಎಂಜಿನ್ನಿನ ಹಿಡಿತ ಇದ್ದಕ್ಕಿದ್ದಂತೆ ಬಿಟ್ಟುಹೋಗುವ ಆ ಗಳಿಗೆ ಯಾರಿಗೂ ಬರಬಾರದು.

ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯುತ್ತ ಹೋಗಿ. ಥ್ರಸ್ಟ್ ವಾಶರ್ ಯಾವ ಮುಖ ಯಾವ ಕಡೆಗಿತ್ತು, ಶಿಮ್ (ಸಂದು ತುಂಬುವ ತೆಳು ತಗಡು) ಯಾವ ಶಾಫ್ಟಿನ ಯಾವ ತುದಿಯಲ್ಲಿತ್ತು ಎಂಬುದು ಎರಡನೇ ದಿನ ನೆನಪಿರುವುದಿಲ್ಲ. ಕೌಂಟರ್ ಗೇರಿನ ಒಳಗೆ ನೀಡಲ್ ಬೇರಿಂಗ್ ಇದೆ. ಅದು ಕೂರುವ ಶಾಫ್ಟಿನ ಮೇಲೆ ಉಗುರು ಓಡಿಸಿ ನೋಡಿ, ಉಗುರು ಸಿಕ್ಕಿಕೊಳ್ಳುವ ಗೆರೆಯಿದ್ದರೆ ಶಾಫ್ಟು ಬದಲಿಸಿ. ಹೊಸ ಗೇರಿನಲ್ಲಿ ಆ ಶಾಫ್ಟು ಹೊರಬೇಕಾದ ಭಾರ ಹೆಚ್ಚು. ಬೇರಿಂಗ್, ಆಯಿಲ್ ಸೀಲ್ ಎಲ್ಲವನ್ನೂ ಹೊಸದೇ ಹಾಕಿ. ಇಷ್ಟು ಬಿಚ್ಚಿದ ಮೇಲೆ ಹಳೇ ಸೀಲ್ ಉಳಿಸುವುದರಲ್ಲಿ ಅರ್ಥವಿಲ್ಲ.

ಕೇಸು ಉಜ್ಜಬೇಕಾದ ಸೆಟ್ ಆದರೆ ಮೊದಲು ಗೇರನ್ನು ಆಯಿಲ್ ಸವರದೆ ಹಾಗೆಯೇ ಕೂರಿಸಿ ಕೈಯಿಂದ ತಿರುಗಿಸಿ, ಎಲ್ಲಿ ತಾಗುತ್ತದೆ ಎಂದು ಮಾರ್ಕರಿನಲ್ಲಿ ಗುರುತಿಸಿ. ಸ್ವಲ್ಪ ಉಜ್ಜಿ, ಮತ್ತೆ ಕೂರಿಸಿ ನೋಡಿ. ಒಮ್ಮೆಗೇ ತೆಗೆದರೆ ಗೋಡೆ ತೆಳುವಾಗುತ್ತದೆ. ಬೇರಿಂಗ್ ಕೂರುವ ಜಾಗಗಳನ್ನು ಟೇಪಿನಿಂದ ಮುಚ್ಚಿಕೊಳ್ಳಿ. ಉಜ್ಜಿದ ಮೇಲೆ ಡೀಸೆಲ್, ಆಮೇಲೆ ಸೋಪುನೀರು, ಆಮೇಲೆ ಕಂಪ್ರೆಸರ್ ಗಾಳಿ.

ಕೂಡಿಸುವಾಗ ಪ್ರತಿ ಬೇರಿಂಗಿಗೂ ಗೇರ್ ಆಯಿಲ್ ಸವರಿ. ಕೇಸು ಮುಚ್ಚಿದ ಮೇಲೆ, ಇನ್ನೂ ಬೆಂಚಿನಲ್ಲಿರುವಾಗಲೇ, ಲಿವರ್ ಹಾಕಿ ಹೈ, ನ್ಯೂಟ್ರಲ್, ಲೋ ಮೂರನ್ನೂ ಬದಲಿಸಿ ಒಳಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಲೋನಲ್ಲಿ ಒಳಗಿನದ್ದು ನಾಲ್ಕು ಸುತ್ತಿಗೆ ಚೂರು ಹೆಚ್ಚು ತಿರುಗಿದಾಗ ಹೊರಗಿನದ್ದು ಒಂದು ಸುತ್ತು ಬಂದರೆ 4.16 ಸರಿಯಾಗಿ ಕೂತಿದೆ. ಎಲ್ಲಿಯೂ ಗಂಟು ಸಿಕ್ಕಿದ ಹಾಗೆ ಬಿಗಿ ಅನ್ನಿಸಬಾರದು. ಬೋಲ್ಟುಗಳನ್ನು ಸರ್ವಿಸ್ ಮ್ಯಾನುಯಲ್‌ನ ಅಂಕಿ ನೋಡಿ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ; ಅಲ್ಯೂಮಿನಿಯಂ ಎಳೆ ಕಿತ್ತುಬರಲು ಕೈ ಅಂದಾಜೇ ಸಾಕು. ಗಾಡಿಗೆ ಏರಿಸಿದ ಮೇಲೆ ಲೆವೆಲ್ ತಿರುಪಿನಿಂದ ಹೊರಗೆ ಹನಿಯುವವರೆಗೆ ಆಯಿಲ್ ತುಂಬಿ. ಹಿಡಿಯುವುದು ಒಂದು ಲೀಟರಿಗಿಂತ ಕಡಿಮೆ.

ಮೌಂಟಿನ ಬಗ್ಗೆ ಒಂದು ಮಾತು. ಕೇಸು ರಬ್ಬರ್ ಮೌಂಟುಗಳ ಮೇಲೆ ತೂಗಿಕೊಂಡಿದೆ. ಲೋ 2.268ರಿಂದ 4.16ಕ್ಕೆ ಹೋದಾಗ ಹೊರಶಾಫ್ಟಿನ ತಿರುಚುಬಲ ಸುಮಾರು 1.8 ಪಟ್ಟಾಗುತ್ತದೆ, ಅದಕ್ಕೆ ಪ್ರತಿಯಾಗಿ ಕೇಸು ಹಿಮ್ಮುಖವಾಗಿ ಹೊರಳಲು ನೋಡುತ್ತದೆ. ಹಳೇ ರಬ್ಬರ್ ಹರಿದುಹೋಗುತ್ತದೆ, ಲಿವರ್ ನೆಲದ ತಗಡಿಗೆ ಬಡಿಯುತ್ತದೆ, ಕೊನೆಗೆ ಮೌಂಟಿನ ತೋಳೇ ಬಿರುಕು ಬಿಡುತ್ತದೆ. ಹೊಸ ಗೇರು ಹಾಕಿದ ದಿನವೇ ಹೊಸ ಮೌಂಟು ಹಾಕಿ, ಸಾಧ್ಯವಾದರೆ ಪಾಲಿಯುರೇಥೇನ್ ಬುಶ್. ಕೇಸಿನ ಅಡಿಗೆ 5 ಮಿ.ಮೀ. ದಪ್ಪದ ರಕ್ಷಣಾ ತಗಡೂ ಆಗಲೇ ಆಗಿಬಿಡಲಿ.

ಕ್ರೌನ್-ಪಿನಿಯನ್ ಮುಟ್ಟಲೇಬೇಕಾದರೆ

ಒಳ್ಳೆಯ ಸುದ್ದಿ ಏನೆಂದರೆ ಜಿಪ್ಸಿಯ ಡಿಫರೆನ್ಶಿಯಲ್ (ಕ್ರೌನ್-ಪಿನಿಯನ್ ಹೊತ್ತು, ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರು ಗುಂಪು) ಹೌಸಿಂಗ್‌ನಿಂದ ಇಡಿಯಾಗಿ ಹೊರಬರುತ್ತದೆ, ಬೆಂಚಿನ ಮೇಲೆ ಸೆಟ್ ಮಾಡಬಹುದು. ಕಷ್ಟದ ಸುದ್ದಿ: ಇದು ಅಂದಾಜಿನ ಕೆಲಸವಲ್ಲ. ನಾನೊಮ್ಮೆ ಇದನ್ನು ಅವಸರದ ವರ್ಕ್‌ಶಾಪ್ ಒಂದಕ್ಕೆ ಕೊಟ್ಟೆ. ಹಳೇ ಶಿಮ್‌ಗಳನ್ನೇ ಹಾಕಿ, ಹಲ್ಲಿನ ಗುರುತು ನೋಡದೆ ಮುಚ್ಚಿಕೊಟ್ಟರು. 40 ಕಿ.ಮೀ. ವೇಗದಲ್ಲಿ ಶಂಖ ಊದಿದ ಹಾಗೆ ಸದ್ದು. ಎರಡು ತಿಂಗಳಲ್ಲಿ ಪಿನಿಯನ್ ಹಲ್ಲು ಒಂದು ಅಂಚಿನಲ್ಲಷ್ಟೇ ಸವೆದು ಗರಗಸವಾಗಿತ್ತು.

ಅದಕ್ಕೇ ಹೇಳುತ್ತೇನೆ, ಡಯಲ್ ಗೇಜ್ ಇಲ್ಲದವರ ಕೈಗೆ ಇದನ್ನು ಕೊಡಬೇಡಿ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಳೆಯಬೇಕು, ಪಿನಿಯನ್ ಬೇರಿಂಗಿನ ಪ್ರಿಲೋಡ್ (ಮೊದಲೇ ಕೊಟ್ಟ ಬಿಗಿ) ಅಳೆಯಬೇಕು, ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ ಗುರುತು ನೋಡಬೇಕು. ಬಣ್ಣ ಅಳಿದ ಗುರುತು ಹಲ್ಲಿನ ನಡುಮೈಯಲ್ಲಿ ಮೊಟ್ಟೆಯಾಕಾರವಾಗಿ ಬರಬೇಕು. ಹಲ್ಲಿನ ತುದಿಗೆ ಬಂದರೆ ಪಿನಿಯನ್ ಕ್ರೌನಿನಿಂದ ದೂರವಿದೆ, ಬುಡಕ್ಕೆ ಇಳಿದರೆ ಒಳಗೆ ಜಾಸ್ತಿ ಹೋಗಿದೆ. ಶಿಮ್ ಬದಲಿಸಿ ಮತ್ತೆ ನೋಡಬೇಕು. ನಾಲ್ಕೈದು ಸಲ ಬಿಚ್ಚಿ ಹಾಕುವುದು ಮಾಮೂಲು. ಮುಂದೆ ಹಿಂದೆ ಎರಡೂ ಕಡೆ ಒಂದೇ ಅನುಪಾತ ಇರಲೇಬೇಕು. ಎಂಜಿ 410ರ 4.111 ಡಿಫರೆನ್ಶಿಯಲ್ ಗುಜರಿಯಲ್ಲಿ ಸಿಕ್ಕರೆ ಆಕ್ಸಲ್ ಸ್ಪ್ಲೈನ್ ಎಣಿಸಿ, ಫ್ಲ್ಯಾಂಜಿನ ತೂತುಗಳನ್ನು ನಿಮ್ಮದರ ಮೇಲಿಟ್ಟು ನೋಡಿ ಆಮೇಲೆ ದುಡ್ಡು ಕೊಡಿ.

ಹೊಸ ಕ್ರೌನ್-ಪಿನಿಯನ್ ಮೊದಲ ದಿನ ಬಿಸಿಯಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿ ಪೂರ್ತಿ ತಣಿಯಲು ಬಿಡಿ, ಹೀಗೆ ಮೂರ್ನಾಲ್ಕು ಸಲ. ಸುಮಾರು 800 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ.

ಲಾಕರ್

ಗೇರು ಎಷ್ಟೇ ಇಳಿಸಿದರೂ ಒಂದು ಚಕ್ರ ಗಾಳಿಯಲ್ಲಿದ್ದರೆ ಮುಗಿಯಿತು. ಸಾದಾ ಡಿಫರೆನ್ಶಿಯಲ್ ಎರಡೂ ಚಕ್ರಕ್ಕೆ ಸಮ ಬಲ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬಲವೇ ಬೇಡದಿರುವಾಗ ನೆಲದಲ್ಲಿರುವುದಕ್ಕೂ ಸಿಗುವುದು ಅಷ್ಟೇ. ಹಾಗಾಗಿ ಗೇರಿನ ನಂತರದ ಕೆಲಸ ಲಾಕರ್, ಅಂದರೆ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಹಿಡಿದಿಡುವ ಸಾಧನ, ಅದೂ ಮೊದಲು ಹಿಂದಕ್ಕೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ.

ಒಳಗಿನ ಗೇರುಗಳನ್ನು ವೆಲ್ಡ್ ಮಾಡಿಬಿಡುವುದು ಎಲ್ಲಕ್ಕಿಂತ ಅಗ್ಗ. ಬರೀ ಬಂಡೆಗೆಂದು ಇಟ್ಟ, ಟ್ರೈಲರಿನಲ್ಲಿ ಸಾಗಿಸುವ ಗಾಡಿಗೆ ಸರಿ. ರಸ್ತೆಯ ಗಾಡಿಗೆ ಖಂಡಿತ ಬೇಡ: ತಿರುವಿನಲ್ಲಿ ಒಳಚಕ್ರ ಹೊರಚಕ್ರ ಒಂದೇ ಸಮ ತಿರುಗಲು ಹೋಗಿ ಟಯರು ಕೆರೆಯುತ್ತದೆ, ಆಕ್ಸಲ್ ತಿರುಚುತ್ತದೆ, ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಗಾಡಿ ನೇರಕ್ಕೆ ನೂಕುತ್ತದೆ. ತಾನಾಗಿ ಹಿಡಿದು ಬಿಡುವ ಆಟೊಮ್ಯಾಟಿಕ್ ಲಾಕರ್ ಇದಕ್ಕಿಂತ ವಾಸಿ, ಆದರೆ 2375 ಮಿ.ಮೀ. ವೀಲ್‌ಬೇಸಿನ ಗಿಡ್ಡ ಗಾಡಿಯಲ್ಲಿ, ಮಳೆ ಬಿದ್ದ ಡಾಂಬರಿನ ತಿರುವಿನಲ್ಲಿ ಅದು ‘ಟಕ್’ ಎಂದು ಹಿಡಿದಾಗ ಹಿಂಭಾಗ ಜರುಗುವುದು ಗೊತ್ತಾಗುತ್ತದೆ. ಬೇಕಾದಾಗ ಸ್ವಿಚ್ ಒತ್ತಿ ಹಿಡಿಸುವ ಏರ್ ಲಾಕರ್ ನನ್ನ ಆಯ್ಕೆ. ದುಬಾರಿ, ಕಂಪ್ರೆಸರ್ ಬೇಕು, ಗಾಳಿಯ ಸಣ್ಣ ನಳಿಕೆಯನ್ನು ಕಲ್ಲು ಮುಟ್ಟದ ಕಡೆ, ಹೌಸಿಂಗ್ ಕುಣಿದಾಗ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಬೇಕು. ದುಡ್ಡು ಕೂಡುವವರೆಗೆ ಕಾಯುವುದಾದರೂ ಇದಕ್ಕೇ ಕಾಯಿರಿ.

ಸ್ವಿಚ್ ಇರಬೇಕು ಎನ್ನಲು ಇನ್ನೊಂದು ಕಾರಣವಿದೆ. ಪಾಚಿ ಹಿಡಿದ ಓರೆಬಂಡೆಯ ಮೇಲೆ ಅಡ್ಡಡ್ಡ ಹೋಗುವಾಗ ಲಾಕರ್ ಹಾಕಿದರೆ ಎರಡೂ ಚಕ್ರ ಒಟ್ಟಿಗೆ ಜಾರಿ ಹಿಂಭಾಗ ಕೆಳಕ್ಕೆ ಸರಿಯುತ್ತದೆ. ಬಿಟ್ಟಿದ್ದರೆ ಒಂದು ಚಕ್ರ ಜಾರಿದರೂ ಇನ್ನೊಂದು ನಿಂತು ಹಿಡಿಯುತ್ತದೆ.

ಮುಂದೆ ಎಲ್ಲಿ ಮುರಿಯುತ್ತದೆ

ಬಲ ಹೆಚ್ಚಿಸಿದ ಮೇಲೆ ಸರಪಳಿಯ ಮೆತ್ತನೆಯ ಕೊಂಡಿ ಯಾವುದೆಂದು ತಿಳಿದಿರಬೇಕು. ಜಿಪ್ಸಿಯಲ್ಲಿ ಅದು ಮುಂದಿನ ಆಕ್ಸಲ್ ತುದಿಯ ಗುಂಡುಗಳಿರುವ ಜಾಯಿಂಟ್, ಬರ್ಫೀಲ್ಡ್ ಎನ್ನುವುದು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅದರ ಬಲ ಎಲ್ಲಕ್ಕಿಂತ ಕಡಿಮೆ.

ನನ್ನದು ಮುರಿದದ್ದು ಎರಡು ಕಲ್ಲುಗಳ ಸಂದಿಯಲ್ಲಿ. ಎಡಚಕ್ರ ಸಿಕ್ಕಿಕೊಂಡಿತ್ತು, ಸ್ಟೀರಿಂಗ್ ಪೂರ್ತಿ ಬಲಕ್ಕಿತ್ತು, ಇನ್ನೊಂದು ಗೇಣು ಹೋದರೆ ಆಯಿತು ಎಂದು ಆಕ್ಸಿಲರೇಟರ್ ಒತ್ತಿದೆ. ಒಣ ಕಟ್ಟಿಗೆ ಮುರಿದ ಹಾಗೆ ಒಂದು ಸದ್ದು. ಬಿಚ್ಚಿದಾಗ ಜಾಯಿಂಟಿನ ಬಟ್ಟಲು ಮೂರು ಹೋಳಾಗಿ ಗ್ರೀಸಿನೊಳಗೆ ಕೂತಿತ್ತು. ಆವತ್ತು ಅರ್ಥವಾದದ್ದು: ಟಯರು ಜಾರುವ ಹಾಗಿದ್ದರೆ ಆ ಜಾರುವಿಕೆಯೇ ಆಕ್ಸಲ್ಲಿಗೆ ರಕ್ಷೆ. ಒಂದು ಟನ್ ಆಸುಪಾಸಿನ ಹಗುರ ಗಾಡಿ ಆದ್ದರಿಂದ ಸಾಮಾನ್ಯವಾಗಿ ಟಯರು ಮೊದಲು ಸೋಲುತ್ತದೆ. ಸಂದಿಯಲ್ಲಿ ಸಿಕ್ಕಿಕೊಂಡಾಗ ಜಾರಲು ಜಾಗವಿಲ್ಲ, ಗೇರು ಗುಣಿಸಿದ ಅಷ್ಟೂ ಬಲ ಉಕ್ಕಿನ ಮೇಲೆ ಬೀಳುತ್ತದೆ.

ಆದ್ದರಿಂದ ಸಿಕ್ಕಿಕೊಂಡಾಗ ಮೊದಲು ರಿವರ್ಸ್ ತೆಗೆಯಿರಿ, ಸ್ಟೀರಿಂಗ್ ನೇರ ಮಾಡಿ, ಸಂದಿಗೆ ಕಲ್ಲು ತುಂಬಿ, ಆಮೇಲೆ ಹತ್ತಿಸಿ. ಹಳೇ ಜಾಯಿಂಟಾದರೆ ಪೂರ್ತಿ ತಿರುವಿನಲ್ಲಿ ‘ಟಿಕ್ ಟಿಕ್’ ಎನ್ನುತ್ತದೆ; ಆ ಸದ್ದಿರುವ ಗಾಡಿಯನ್ನು ಬಂಡೆಗೆ ಒಯ್ಯಬೇಡಿ. ವರ್ಷಕ್ಕೊಮ್ಮೆ ತೆರೆದು ಹಳೇ ಗ್ರೀಸ್ ತೊಳೆದು ಮಾಲಿಬ್ಡಿನಮ್ ಗ್ರೀಸ್ ತುಂಬಿ. ಎರಡೂ ಕಡೆಯದು ಒಂದೊಂದು ಆಕ್ಸಲ್ ಗಾಡಿಯಲ್ಲೇ ಇರಲಿ. ಮಿಶ್ರಲೋಹದ ಗಟ್ಟಿ ಆಕ್ಸಲ್‌ಗಳು ಸಿಗುತ್ತವೆ, ಮುಂದೆಯೂ ಲಾಕರ್ ಹಾಕುವವರು ಅವನ್ನು ಹಾಕಲೇಬೇಕು.

ಪ್ರೊಪೆಲರ್ ಶಾಫ್ಟಿನ ಕ್ರಾಸ್‌ಗಳದ್ದು ಎರಡನೇ ಸರದಿ. ಕಮಾನು ಪಟ್ಟಿ ಹೌಸಿಂಗ್‌ನ ಮೇಲಕ್ಕೆ ಬರುವಂತೆ ಮಾಡಿ ಗಾಡಿ ಎತ್ತರಿಸಿದವರು ಇಲ್ಲಿ ಗಮನ ಕೊಡಿ. ಬಲ ಬಿದ್ದಾಗ ಪಟ್ಟಿ ‘ಎಸ್’ ಆಕಾರಕ್ಕೆ ಸುರುಳಿಯಾಗಿ ಪಿನಿಯನ್ ಮೂಗು ಮೇಲೆದ್ದು ಕ್ರಾಸಿನ ಕೋನ ಮುರಿಯುತ್ತದೆ. ಹೌಸಿಂಗ್‌ನಿಂದ ಚಾಸಿಗೆ ಒಂದು ಟ್ರ್ಯಾಕ್ಷನ್ ಬಾರ್ ಕೊಟ್ಟರೆ ಇದು ನಿಲ್ಲುತ್ತದೆ. ಒಂದು ಚಕ್ರ ಪೂರ್ತಿ ಕೆಳಕ್ಕೆ ಇಳಿದಾಗ ಶಾಫ್ಟಿನ ಜಾರು ಸ್ಪ್ಲೈನ್ ಎಷ್ಟು ಒಳಗೆ ಉಳಿಯುತ್ತದೆ ಎಂದು ಜಾಕಿನಲ್ಲಿ ಎತ್ತಿ ಅಳೆದು ನೋಡಿ.

ಗೇರ್ ಬಾಕ್ಸಿಗೆ ಜಿಎಲ್ 4, ಡಿಫರೆನ್ಶಿಯಲ್‌ಗೆ ಜಿಎಲ್ 5 ದರ್ಜೆಯ ಆಯಿಲ್. ಎರಡೂ ಹೌಸಿಂಗ್‌ನ ಬ್ರೀದರಿಗೆ (ಗಾಳಿಯಾಡುವ ತೂತಿಗೆ) ನಳಿಕೆ ಜೋಡಿಸಿ ಬಾನೆಟ್ ಎತ್ತರಕ್ಕೆ ಒಯ್ಯಿರಿ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಾಳಿ ಕುಗ್ಗಿ ಹೊಳೆನೀರು ಒಳಗೆಳೆದುಕೊಳ್ಳುತ್ತದೆ.

ಕಾಗದಪತ್ರ, ಜಾಗ

ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಆಧಾರ. ಕೈಹಾಕುವ ಮುಂಚೆ ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ ಬರಹದಲ್ಲಿ ಪಡೆಯಿರಿ. ಕಾಡಿನೊಳಗೆ ಬೇಡ. ಜಾಗದ ಯಜಮಾನರ ಒಪ್ಪಿಗೆ ಇರುವ ತೋಟ, ಬಿಟ್ಟ ಕಲ್ಲುಕೋರೆಗಳಲ್ಲಿ ಓಡಿಸಿ. ಹರಿಯುವ ಹಳ್ಳದ ಕಲ್ಲುಗಳಡಿ ಕಪ್ಪೆ, ಏಡಿಗಳ ಸಂಸಾರವಿದೆ. ಅದನ್ನು ದಾಟಿ, ಅದರಲ್ಲೇ ಆಡಬೇಡಿ.

ಮೊದಲ ಬಂಡೆ

ಮೊಣಕಾಲಿಗಿಂತ ತಗ್ಗಿನ ಒಂದೇ ಕಲ್ಲು ಹುಡುಕಿ. ಇಳಿದು, ನಡೆದು, ಡಿಫರೆನ್ಶಿಯಲ್ ಉಬ್ಬು ಎಲ್ಲಿ ಹಾದುಹೋಗುತ್ತದೆ ನೋಡಿ. ಟಯರಿನ ಗಾಳಿ 18 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಹಬ್ ಎರಡೂ ಲಾಕ್ ಆಗಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಫೋರ್ ಲೋ, ಫಸ್ಟ್. ಕ್ಲಚ್ ಪೂರ್ತಿ ಬಿಟ್ಟು ಕಾಲನ್ನು ಪೆಡಲಿನಿಂದ ತೆಗೆದು ನೆಲಕ್ಕಿಡಿ.

ಚಕ್ರ ಕಲ್ಲಿಗೆ ಮುಟ್ಟಿದಾಗ ಎಂಜಿನ್ ದನಿ ತಗ್ಗುತ್ತದೆ. ಗಾಬರಿಯಾಗಬೇಡಿ. ಎಂಪಿಎಫ್‌ಐ ಎಂಜಿನ್ ಐಡಲ್ ಬಿದ್ದದ್ದನ್ನು ತಾನೇ ಗುರುತಿಸಿ ಗಾಳಿ ಹೆಚ್ಚಿಸುತ್ತದೆ, ದನಿ ಮತ್ತೆ ಏರುತ್ತದೆ, ಟಯರು ಕಲ್ಲನ್ನು ತಬ್ಬಿಕೊಂಡು ಮೇಲೇರುತ್ತದೆ. ಬೇಕಿದ್ದರೆ ಬಲಗಾಲಿನಲ್ಲಿ ಚೂರೇ ಚೂರು ಎಕ್ಸಿಲರೇಟರ್, ಎಡಗಾಲಿನಲ್ಲಿ ಬ್ರೇಕು ಸವರಿದ ಹಾಗೆ. ಮೇಲೇರಿದ ಚಕ್ರ ಆಚೆ ಬದಿಗೆ ಧೊಪ್ಪನೆ ಬೀಳದಂತೆ ಆ ಬ್ರೇಕೇ ಹಿಡಿದು ಇಳಿಸುತ್ತದೆ. ಎಂಜಿನ್ ನಿಂತೇ ಹೋದರೆ ಕ್ಲಚ್ ಒತ್ತಬೇಡಿ, ಗಾಡಿ ಹಿಂದಕ್ಕೆ ಉರುಳುತ್ತದೆ. ಬ್ರೇಕ್ ಹಿಡಿದು ಗೇರಿನಲ್ಲಿರುವಾಗಲೇ ಕೀ ತಿರುಗಿಸಿ. ಇಷ್ಟು ಇಳಿದ ಗೇರಿನಲ್ಲಿ ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಮೆಲ್ಲನೆ ಮುಂದಕ್ಕೆಳೆದು ಎಂಜಿನ್ ಹೊತ್ತಿಸಿಕೊಳ್ಳುತ್ತದೆ.

ಆ ಒಂದು ಕಲ್ಲನ್ನು ಹತ್ತು ಸಲ ಹತ್ತಿ ಇಳಿಸಿ. ಮನೆಗೆ ಬಂದು, ಗಾಡಿ ತಣಿದ ಮೇಲೆ ಅಡಿಗೆ ಹೋಗಿ ಫ್ಲ್ಯಾಂಜಿನ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಹಾಕಿ ನೋಡಿ, ಮೌಂಟಿನ ನಟ್ಟು ನೋಡಿ, ಆಯಿಲ್ ಸೀಲಿನ ಸುತ್ತ ಬೆರಳು ಓಡಿಸಿ. ಬೆರಳು ಒಣಗಿಯೇ ಇದ್ದರೆ ಮುಂದಿನ ವಾರ ಇನ್ನೊಂದು ಗೇಣು ಎತ್ತರದ ಕಲ್ಲು ಹುಡುಕಬಹುದು.